ನಿದ್ರಾಕಾಲದಲ್ಲಿ ಚರ್ಮ ಹಾಗೂ ಕೇಶಗಳ ಆರೈಕೆ

ನಮ್ಮ ಶಾಲೆಯು ಐವತ್ತು ವಸಂತಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವುದು ಕಾಸರಗೋಡಿನ ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ. ಈ ಸ್ಮರಣ ಸಂಚಿಕೆಗೆ ಆರೋಗ್ಯ ಸಂಬಂಧವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಈ ಶಾಲೆಯ ಹಳೆ ವಿದ್ಯಾರ್ಥಿಯಾಗಿಯೂ ಹಲವು ವರ್ಷಗಳಿಂದ ಚರ್ಮರೋಗಗಳ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯನಾಗಿಯೂ ನಾನು ಸಂತೋಷದಿಂದ ಒಪ್ಪಿಕೊಂಡೆನು. ವಿಷಯವನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯ ಬೀಳಲಿಲ್ಲ. ನನ್ನಲ್ಲಿಗೆ ಬರುವವರು ಅತಿ ಹೆಚ್ಚಾಗಿ ಕೇಳುವ ಪ್ರಶ್ನೆಯೇ ಈ ಲೇಖನದ ವಸ್ತು: "ಡಾಕ್ಟರೇ, ರಾತ್ರಿ ಮಲಗುವಾಗ ಏನು ಹಚ್ಚಿಕೊಳ್ಳಬೇಕು?"

ಪ್ರೌಢಶಾಲೆಯ ಬಾಲಕಿಯೂ ಇದನ್ನು ಕೇಳುತ್ತಾಳೆ. ಅಡಿಕೆ ಸುಲಿದು ಕೈ ಒಡೆದಿರುವ ತಾಯಿಯೂ ಕೇಳುತ್ತಾಳೆ. ಕೂದಲು ಉದುರುತ್ತಿರುವ ಯುವಕನೂ ಕೇಳುತ್ತಾನೆ. ಇವರೆಲ್ಲರಿಗೂ ನನ್ನ ಉತ್ತರದ ಸಾರ ಎರಡೇ ಮಾತು. ಮೊದಲನೆಯದು, ರಾತ್ರಿಯಲ್ಲಿ ಚರ್ಮವು ತನ್ನ ದುರಸ್ತಿಯನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದ ಸಹಾಯ ಅತ್ಯಲ್ಪ ಮತ್ತು ಅತಿ ಅಗ್ಗ. ಎರಡನೆಯದು, ಒಳಗೆ ಏನಿದೆಯೆಂದು ಓದಿ ತಿಳಿಯಲಾಗದ ಯಾವ ಮುಲಾಮನ್ನೂ ಇಡೀ ರಾತ್ರಿ ಮುಖದ ಮೇಲೆ ಬಿಟ್ಟುಕೊಳ್ಳಬಾರದು. ಈ ಎರಡು ಮಾತುಗಳನ್ನು ಕಾರಣಸಹಿತವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಮುರಕಲ್ಲಿನ ಗೋಡೆ

ಚರ್ಮವು ನಮ್ಮ ದೇಹದ ಅತಿ ವಿಶಾಲವಾದ ಅಂಗ. ವಯಸ್ಕರಲ್ಲಿ ಅದರ ವಿಸ್ತೀರ್ಣ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್. ಅದರ ಅತಿ ಹೊರಗಿನ ಪದರವನ್ನು ಅರ್ಥಮಾಡಿಕೊಳ್ಳಲು ನಮ್ಮೂರಿನವರಿಗೆ ಒಂದು ಒಳ್ಳೆಯ ಉಪಮಾನವಿದೆ. ಬೇಕಲ ಕೋಟೆಯನ್ನಾಗಲಿ ನಮ್ಮ ಹಳೆಯ ಮನೆಗಳನ್ನಾಗಲಿ ನೋಡಿರಿ. ಮುರಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಗಾರೆ ತುಂಬಿ ಗೋಡೆ ಕಟ್ಟಲಾಗಿದೆ. ಚರ್ಮದ ಹೊರಪದರವೂ ಹಾಗೆಯೇ. ಸತ್ತು ಚಪ್ಪಟೆಯಾದ ಜೀವಕೋಶಗಳು ಕಲ್ಲುಗಳು. ಅವುಗಳ ನಡುವಣ ಮೇದಸ್ಸು ಗಾರೆ. ಈ ಗೋಡೆ ಕಾಗದದಷ್ಟೂ ದಪ್ಪವಿಲ್ಲ. ಆದರೂ ಒಳಗಿನ ನೀರು ಆರಿ ಹೋಗದಂತೆ, ಹೊರಗಿನ ರೋಗಾಣು ಒಳನುಗ್ಗದಂತೆ ಹಗಲಿರುಳು ಕಾಯುವುದು ಇದೇ.

ಗಾರೆ ಉದುರಿದರೆ ಕಲ್ಲು ಸಡಿಲವಾಗುವಂತೆ, ಮೇದಸ್ಸು ಕರಗಿ ಹೋದರೆ ಚರ್ಮ ಬಿರಿಯುತ್ತದೆ, ತುರಿಸುತ್ತದೆ. ಸಾಬೂನಿನಿಂದ ಪದೇ ಪದೇ ತಿಕ್ಕುವುದು, ಅತಿ ಬಿಸಿನೀರಿನ ಸ್ನಾನ, ಸೀಗೆಪುಡಿಯನ್ನು ಮೈಗೆಲ್ಲ ಒರಟಾಗಿ ಉಜ್ಜುವುದು ಇವೆಲ್ಲವೂ ಗಾರೆಯನ್ನು ಕೆರೆದು ತೆಗೆಯುವ ಕೆಲಸಗಳೇ. ಚರ್ಮದ ಮೇಲ್ಮೈ ಸಹಜವಾಗಿ ಸ್ವಲ್ಪ ಆಮ್ಲೀಯ. ಸಾಮಾನ್ಯ ಸಾಬೂನಾದರೋ ಕ್ಷಾರೀಯ. ಆದುದರಿಂದಲೇ ಸಾಬೂನಿನ ಸ್ನಾನವಾದ ಮೇಲೆ ಚರ್ಮ ಬಿಗಿದುಕೊಂಡಂತೆ ಅನಿಸುತ್ತದೆ.

ರಾತ್ರಿಯಲ್ಲಿ ಚರ್ಮವು ಏನು ಮಾಡುತ್ತದೆ?

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ ಒಂದು ಗಡಿಯಾರವಿದೆ ಎಂದರೆ ಕೆಲವರಿಗೆ ಅಚ್ಚರಿಯಾದೀತು. ಈ ಜೈವಿಕ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಶ್ ಮತ್ತು ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಚರ್ಮವೂ ಈ ಗಡಿಯಾರಕ್ಕೆ ಅಧೀನ. ಹಗಲಿನಲ್ಲಿ ಅದು ಬಿಸಿಲು, ಧೂಳು, ಬೆವರುಗಳನ್ನು ಎದುರಿಸುವ ಕಾವಲುಗಾರ. ರಾತ್ರಿಯಲ್ಲಿ ಅದು ಹೊಸ ಕೋಶಗಳನ್ನು ಹುಟ್ಟಿಸಿ ಹಾನಿಯನ್ನು ಸರಿಪಡಿಸುವ ಕುಶಲಕರ್ಮಿ.

ಆದರೆ ಇದೇ ರಾತ್ರಿಯಲ್ಲಿ ಚರ್ಮಕ್ಕೆ ಒಂದು ದೌರ್ಬಲ್ಯವೂ ಉಂಟು. ಸಂಜೆಯಿಂದ ರಾತ್ರಿಯವರೆಗೆ ಚರ್ಮದ ಉಷ್ಣತೆ ಸ್ವಲ್ಪ ಏರುತ್ತದೆ. ಅದರ ಮೂಲಕ ಆವಿಯಾಗಿ ಹೋಗುವ ನೀರಿನ ಪ್ರಮಾಣವೂ ಹೆಚ್ಚುತ್ತದೆ. ಉರಿಯೂತವನ್ನು ತಗ್ಗಿಸುವ ಕಾರ್ಟಿಸಾಲ್ ಎಂಬ ದೇಹದ ರಸವು ರಾತ್ರಿಯಲ್ಲಿ ಕಡಿಮೆಯಾಗಿರುತ್ತದೆ. ಹಗಲೆಲ್ಲ ಸುಮ್ಮನಿದ್ದ ತುರಿಕೆ ಮಲಗಿದೊಡನೆ ಕಾಡುವುದು ಈ ಕಾರಣಗಳಿಂದ. ಒಣಚರ್ಮದವರು ಮಲಗುವ ಮುನ್ನ ತೇವಾಂಶವನ್ನು ಹಿಡಿದಿಡುವ ಯಾವುದಾದರೊಂದನ್ನು ಹಚ್ಚಬೇಕೆಂದು ವೈದ್ಯರು ಹೇಳುವುದಕ್ಕೆ ಆಧಾರ ಇದೇ ಹೊರತು ಸೌಂದರ್ಯದ ಮೋಹವಲ್ಲ.

ಇಲ್ಲಿ ನಿದ್ರೆಯ ಪಾತ್ರವನ್ನು ಮರೆಯಬಾರದು. ಅಮೆರಿಕದಲ್ಲಿ 60 ಮಂದಿ ಮಹಿಳೆಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚೆನ್ನಾಗಿ ನಿದ್ರಿಸುವವರ ಚರ್ಮವು ಹಾನಿಯಿಂದ ಹೆಚ್ಚು ಬೇಗನೆ ಚೇತರಿಸಿಕೊಂಡುದು ಕಂಡುಬಂದಿತು. ವಯಸ್ಕರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ಮಧ್ಯರಾತ್ರಿಯವರೆಗೆ ಮೊಬೈಲ್ ಹಿಡಿದು ಕುಳಿತು, ಆಮೇಲೆ ದುಬಾರಿ ಕ್ರೀಮು ಹಚ್ಚಿಕೊಳ್ಳುವುದು ತೂತುಕೊಡದಲ್ಲಿ ನೀರು ಸೇದಿದಂತೆ.

ಮಲಗುವ ಮುನ್ನ ಮುಖ, ಕೈ, ಕಾಲು

ಮೊದಲನೆಯ ಕೆಲಸ ಮುಖ ತೊಳೆಯುವುದು. ನಮ್ಮ ಕರಾವಳಿಯ ಸೆಕೆಯಲ್ಲಿ ದಿನದ ಬೆವರಿನ ಉಪ್ಪು, ರಸ್ತೆಯ ಧೂಳು, ಹಚ್ಚಿಕೊಂಡ ಪೌಡರು ಇವೆಲ್ಲ ರಾತ್ರಿಗೆ ಮುಖದ ಮೇಲೆಯೇ ಉಳಿದಿರುತ್ತವೆ. ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರು, ಅಗತ್ಯವಿದ್ದರೆ ಮೃದುವಾದ ಸಾಬೂನು ಸಾಕು. ತಿಕ್ಕಬಾರದು, ಮೆತ್ತಗಿನ ಬೈರಾಸಿನಿಂದ ಒತ್ತಿ ಒರೆಸಿಕೊಳ್ಳಬೇಕು. ನಾಟಕಕ್ಕೋ ಯಕ್ಷಗಾನಕ್ಕೋ ಬಣ್ಣ ಹಚ್ಚಿದವರು ಎಷ್ಟೇ ದಣಿದಿದ್ದರೂ ಬಣ್ಣ ತೆಗೆಯದೆ ಮಲಗಕೂಡದು. ಎಣ್ಣೆಯಲ್ಲಿ ಬಣ್ಣವನ್ನು ಸಡಿಲಿಸಿ, ಬಟ್ಟೆಯಿಂದ ಒರೆಸಿ, ಅನಂತರ ತೊಳೆಯುವ ನಮ್ಮ ಕಲಾವಿದರ ಪದ್ಧತಿ ಸರಿಯಾದುದೇ.

ಎರಡನೆಯದು ತೇವಾಂಶವನ್ನು ಕಾಪಾಡುವುದು. ಚರ್ಮವು ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ತೆಳ್ಳಗೆ ಸವರಬೇಕು. ಪೂರ್ತಿ ಆರಿದ ಮೇಲೆ ಹಚ್ಚಿದರೆ ಫಲ ಕಡಿಮೆ, ಏಕೆಂದರೆ ಇವು ಹೊಸದಾಗಿ ನೀರನ್ನು ಕೊಡುವುದಿಲ್ಲ. ಇರುವ ನೀರಿಗೆ ಮುಚ್ಚಳವಾಗುತ್ತವೆ. 1872ರಲ್ಲಿ ರಾಬರ್ಟ್ ಚೀಸ್‌ಬ್ರೋ ಎಂಬವನು ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಪೆಟ್ರೋಲಿಯಂ ಜೆಲ್ಲಿಯನ್ನು ಈ ಮುಚ್ಚಳದ ಕೆಲಸದಲ್ಲಿ ಮೀರಿಸುವ ವಸ್ತುಗಳು ಇಂದಿಗೂ ವಿರಳ. ಅದರ ಬೆಲೆ ಎಲ್ಲರಿಗೂ ಎಟಕುವಂಥದು.

ನಮ್ಮ ಮನೆಗಳಲ್ಲಿ ತೆಂಗಿನೆಣ್ಣೆಗೆ ಕೊರತೆಯಿಲ್ಲ. ಮೊಣಕಾಲಿನ ಕೆಳಗಣ ಭಾಗ, ಮೊಣಕೈ, ಅಂಗೈಗಳಿಗೆ ಅದು ಉತ್ತಮ. ಆದರೆ ಎಣ್ಣೆಮುಖದವರು, ಮೊಡವೆ ಇರುವವರು ಅದನ್ನು ಮುಖಕ್ಕೆ ಹಚ್ಚಿ ಮಲಗಬಾರದು. ರೋಮರಂಧ್ರಗಳು ಮುಚ್ಚಿಕೊಂಡು ಮೊಡವೆ ಹೆಚ್ಚುತ್ತದೆ.

ಅಡಿಕೆ ಸುಲಿಯುವವರ, ಬೀಡಿ ಕಟ್ಟುವವರ ಕೈಗಳ ವಿಚಾರವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಇಂತಹ ತಾಯಂದಿರ ದುಡಿಮೆಯಿಂದಲೇ ನಮ್ಮಲ್ಲಿ ಅನೇಕರು ಶಾಲೆಗೆ ಬಂದವರು. ಕೆಲಸ ಮುಗಿದ ಮೇಲೆ ಕೈ ತೊಳೆದು, ಹತ್ತು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಒರೆಸಿ, ಜೆಲ್ಲಿ ಹಚ್ಚಿ, ಹಳೆಯ ಹತ್ತಿಯ ಕೈಚೀಲ ತೊಟ್ಟು ಮಲಗಿದರೆ ಒಂದೆರಡು ವಾರಗಳಲ್ಲಿ ಬಿರುಕುಗಳು ಕೂಡಿಕೊಳ್ಳತೊಡಗುತ್ತವೆ. ಒಡೆದ ಹಿಮ್ಮಡಿಗೂ ಇದೇ ಕ್ರಮ. ಕೈಚೀಲದ ಬದಲು ಹತ್ತಿಯ ಕಾಲುಚೀಲ. ಸಕ್ಕರೆ ಕಾಯಿಲೆಯವರು ಮಾತ್ರ ನೀರಿನ ಬಿಸಿಯನ್ನು ಬೇರೆಯವರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅವರ ಪಾದಗಳಿಗೆ ಬಿಸಿ ತಿಳಿಯದೆ ಹೋಗಬಹುದು. ಬಿರುಕು ಹಿಮ್ಮಡಿಯಲ್ಲಿ ರಕ್ತ ಒಸರುವಷ್ಟು ಆಳವಾಗಿದ್ದರೆ ಅವರು ಮನೆಮದ್ದಿಗೆ ನಿಲ್ಲದೆ ವೈದ್ಯರಲ್ಲಿಗೆ ಹೋಗಬೇಕು.

ಮಳೆಗಾಲದ ನಿಯಮ ಇದಕ್ಕೆ ವಿರುದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ನಮ್ಮ ನಾಡಿನಲ್ಲಿ ಕಾಲ್ಬೆರಳುಗಳ ಸಂದು, ತೊಡೆಸಂದು, ಕಂಕುಳುಗಳು ರಾತ್ರಿಯಲ್ಲಿ ಒಣಗಿರಬೇಕು. ಅಲ್ಲಿಗೆ ಎಣ್ಣೆಯೂ ಬೇಡ, ಜೆಲ್ಲಿಯೂ ಬೇಡ. ಅರ್ಧ ಒಣಗಿದ ಒಳ ಉಡುಪನ್ನು ತೊಟ್ಟು ಮಲಗುವುದು ಗಜಕರ್ಣಕ್ಕೆ ಮಣೆ ಹಾಕಿ ಕರೆದಂತೆ.

ಕೂದಲು: ಸತ್ತ ಎಳೆ, ಜೀವಂತ ಬೇರು

ಕೂದಲಿನ ಆರೈಕೆಯ ಬಗೆಗಿನ ಅನೇಕ ತಪ್ಪು ಕಲ್ಪನೆಗಳು ಒಂದೇ ವಿಷಯವನ್ನು ತಿಳಿದರೆ ದೂರವಾಗುತ್ತವೆ. ಹೊರಗೆ ಕಾಣುವ ಕೂದಲಿನ ಎಳೆಗೆ ಜೀವವಿಲ್ಲ. ಜೀವವಿರುವುದು ನೆತ್ತಿಯ ಒಳಗಿನ ಬೇರಿಗೆ. ಎಳೆಗೆ ಹಚ್ಚಿದ್ದು ಎಳೆಯನ್ನು ಕಾಪಾಡಬಹುದು. ಬೇರಿಗೆ ಆಹಾರ ಬರುವುದು ರಕ್ತದ ಮೂಲಕ, ಎಂದರೆ ನಾವು ಉಣ್ಣುವ ಅನ್ನದ ಮೂಲಕ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹಲವು ವರ್ಷ ಬೆಳೆದು, ಮೂರು ತಿಂಗಳಷ್ಟು ಕಾಲ ವಿಶ್ರಾಂತಿ ಪಡೆದು, ಉದುರುತ್ತದೆ; ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬೆಳಿಗ್ಗೆ ತಲೆದಿಂಬಿನ ಮೇಲೆ ನಾಲ್ಕು ಕೂದಲು ಕಂಡರೆ ಗಾಬರಿಗೊಳ್ಳಬೇಕಾಗಿಲ್ಲ. ಹೆರಿಗೆ, ತೀವ್ರ ಜ್ವರ, ಶಸ್ತ್ರಚಿಕಿತ್ಸೆಗಳಾದ ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಜ್ವರದಿಂದ ಎದ್ದವರಲ್ಲಿಯೂ ಇದನ್ನು ಬಹಳವಾಗಿ ಕಂಡೆವು. ಇದು ಬಹುತೇಕ ತಾನಾಗಿಯೇ ಸರಿಹೋಗುವಂಥದು. ಆ ಸಮಯದಲ್ಲಿ ಯಾವ ಎಣ್ಣೆಯನ್ನು ಹಚ್ಚುತ್ತಿದ್ದರೋ ಆ ಎಣ್ಣೆಗೆ ಕೀರ್ತಿ ಬರುತ್ತದೆ, ಅಷ್ಟೆ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದ ಉದುರುವ ಕೂದಲಿಗೆ ರಕ್ತಪರೀಕ್ಷೆಯೇ ಮೊದಲ ಹೆಜ್ಜೆ.

ಹಾಗಾದರೆ ನಮ್ಮ ಹಿರಿಯರು ಎಣ್ಣೆ ಹಚ್ಚಿದ್ದು ವ್ಯರ್ಥವೇ? ಖಂಡಿತ ಅಲ್ಲ. ಮಲಯಾಳದ ನೆರೆಹೊರೆಯವರು ವೆಳಿಚ್ಚೆಣ್ಣ ಎಂದೂ ತುಳುವರು ತಾರಾಯಿದ ಎಣ್ಣೆ ಎಂದೂ ಕರೆಯುವ ನಮ್ಮ ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲವೇ ಇದೆ. ಇದರ ಅಣು ಚಿಕ್ಕದು, ನೇರವಾದುದು; ಆದುದರಿಂದ ಕೂದಲೆಳೆಯ ಒಳಕ್ಕೆ ಇಳಿಯಬಲ್ಲದು. 2003ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನವು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆಗಳನ್ನು ಹೋಲಿಸಿ, ತೊಳೆಯುವಾಗ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ ಎಂದು ತೋರಿಸಿತು. ಆ ಸಂಶೋಧಕರು ಎಣ್ಣೆ ಮಾರುವ ಕಂಪನಿಯೊಂದಕ್ಕೆ ಸೇರಿದವರೆಂಬುದನ್ನೂ ಓದುಗರು ತಿಳಿದಿರಬೇಕು. ಆದರೂ ಅಣುವಿನ ಸ್ವಭಾವವು ಆ ಫಲಿತಾಂಶವನ್ನು ಸಮರ್ಥಿಸುತ್ತದೆ. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಕೇಂದ್ರವೊಂದು ಸ್ಥಾಪಿತವಾಗಿ, ಇಂದು ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯೆಂದು ಹೆಸರಾಗಿರುವುದು ನಮ್ಮ ಕಾಸರಗೋಡಿನಲ್ಲಿಯೇ ಎಂಬುದು ಇಲ್ಲಿ ಸ್ಮರಣೀಯ.

ಎಣ್ಣೆಯ ಪ್ರಯೋಜನ ತಲೆ ತೊಳೆಯುವ ಮುನ್ನ. ವಾರಕ್ಕೆ ಒಂದೆರಡು ಬಾರಿ, ತೊಳೆಯುವ ಹಿಂದಿನ ರಾತ್ರಿ, ಎರಡು ಚಮಚೆಯಷ್ಟು ಎಣ್ಣೆಯನ್ನು ಮುಖ್ಯವಾಗಿ ಕೂದಲಿನ ಉದ್ದಕ್ಕೂ ತುದಿಗೂ ಸವರಿದರೆ ಸಾಕು. ಮರುದಿನ ದಾಸವಾಳದ ಎಲೆಯ ಗೊಂಪಿನಿಂದಲೋ ಮೃದುವಾದ ಶಾಂಪೂವಿನಿಂದಲೋ ತೊಳೆಯಬಹುದು. ಇಡೀ ರಾತ್ರಿ ಬಿಡುವುದು ಅನಿವಾರ್ಯವಲ್ಲ. ನೆಗಡಿಯ ಅಂಜಿಕೆಯುಳ್ಳವರು ತೊಳೆಯುವುದಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಿಕೊಳ್ಳಬಹುದು.

ತಲೆಹೊಟ್ಟು ಇರುವವರು ಮಾತ್ರ ರಾತ್ರಿಯೆಲ್ಲ ನೆತ್ತಿಯಲ್ಲಿ ಎಣ್ಣೆ ಬಿಡಬಾರದು. ಹೊಟ್ಟಿಗೆ ಸಂಬಂಧಪಟ್ಟ ಮಲಾಸೇಜಿಯಾ ಎಂಬ ಶಿಲೀಂಧ್ರವು ಜಿಡ್ಡನ್ನೇ ಉಂಡು ಬದುಕುವಂಥದು. "ತಲೆ ಒಣಗಿ ಹೊಟ್ಟಾಗಿದೆ" ಎಂದು ಎಣ್ಣೆ ಸುರಿಯುವುದು ಅದಕ್ಕೆ ಊಟ ಬಡಿಸಿದಂತೆ. ಇಂಥವರು ಕೀಟೋಕೊನಜೋಲ್ ಇರುವ ಶಾಂಪೂವನ್ನು ನೆತ್ತಿಗೆ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದೊಡನೆ ತೊಳೆದುಬಿಟ್ಟರೆ ಔಷಧಕ್ಕೆ ಕೆಲಸ ಮಾಡಲು ಸಮಯವೇ ದೊರೆಯುವುದಿಲ್ಲ.

ಇನ್ನು ಕೆಲವು ಸಣ್ಣ ವಿಷಯಗಳು. ಒದ್ದೆಯಾದ ಎಳೆ ಸುಲಭವಾಗಿ ಹಿಗ್ಗಿ ತುಂಡಾಗುವುದರಿಂದ ತಲೆ ಆರಿದ ಮೇಲೆಯೇ ಮಲಗಬೇಕು. ಜಡೆಯನ್ನು ರಾತ್ರಿ ಸಡಿಲವಾಗಿ ಹೆಣೆಯಬೇಕು. ಬಿಗಿಯಾಗಿ ಎಳೆದು ಕಟ್ಟುವ ಅಭ್ಯಾಸ ವರ್ಷಾನುಗಟ್ಟಲೆ ನಡೆದರೆ ಹಣೆಯ ಅಂಚಿನ ಕೂದಲು ಶಾಶ್ವತವಾಗಿ ಹೋಗಬಹುದು. ಮುಡಿದ ಮಲ್ಲಿಗೆಯನ್ನೂ ಪಿನ್ನುಗಳನ್ನೂ ತೆಗೆದಿಡಬೇಕು. ತಲೆದಿಂಬಿನ ಹೊದಿಕೆಯನ್ನು ವಾರಕ್ಕೊಮ್ಮೆಯಾದರೂ ಒಗೆಯಬೇಕು. ಎಣ್ಣೆ ಹಚ್ಚುವ ಮನೆಗಳಲ್ಲಿ ಹಣೆಯ ಮೊಡವೆಗಳಿಗೆ ಆ ಜಿಡ್ಡು ಹೊದಿಕೆಯೂ ಒಂದು ಕಾರಣ. ಮಕ್ಕಳು ರಾತ್ರಿ ತಲೆ ತುರಿಸಿಕೊಂಡು ನಿದ್ದೆಗೆಟ್ಟರೆ ಮೊದಲು ಹೇನು ನೋಡಿರಿ. ಅದು ಅವಮಾನದ ವಿಷಯವಲ್ಲ. ಒಟ್ಟಿಗೆ ಕುಳಿತು ಓದುವ ಮಕ್ಕಳಲ್ಲಿ ಹರಡುವುದು ಸಹಜ. ಮನೆಮಂದಿಯೆಲ್ಲರ ತಲೆಯನ್ನೂ ನೋಡಿ, ಹೇನು ಕಂಡವರಿಗೆಲ್ಲ ಒಂದೇ ದಿನ ಮದ್ದು ಮಾಡಬೇಕು.

ಇಡೀ ರಾತ್ರಿ ಬಿಡಬಾರದ ಮನೆಮದ್ದುಗಳು

ಲಿಂಬೆರಸ, ಅಡುಗೆ ಸೋಡಾ, ಹಲ್ಲುಜ್ಜುವ ಪೇಸ್ಟು ಇವುಗಳನ್ನು ಮೊಡವೆಗೆ ಹಚ್ಚಿ ಮಲಗುವ ಪದ್ಧತಿ ಹಬ್ಬಿದೆ. ಇವು ಚರ್ಮವನ್ನು ಸುಡುತ್ತವೆ. ನಮ್ಮ ಕಂದು ಮೈಬಣ್ಣದಲ್ಲಿ ಸುಟ್ಟ ಜಾಗವು ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಕಡಲೆಹಿಟ್ಟಿನ ಲೇಪವನ್ನು ಹತ್ತು ಹದಿನೈದು ನಿಮಿಷಗಳಲ್ಲಿ ತೊಳೆಯಬೇಕು. ಒಣಗಿ ಬಿಗಿಯುವವರೆಗೆ ಬಿಟ್ಟರೆ ಅದು ಚರ್ಮದ ನೀರನ್ನೇ ಹೀರುತ್ತದೆ.

ನಿಜವಾಗಿ ರಾತ್ರಿಯಲ್ಲಿಯೇ ಹಚ್ಚಬೇಕಾದ ಔಷಧಗಳೂ ಉಂಟು. ಮೊಡವೆಗೆ ಕೊಡುವ ಟ್ರೆಟಿನಾಯಿನ್ ಬೆಳಕಿನಲ್ಲಿ ಒಡೆದುಹೋಗುವುದರಿಂದ ಅದನ್ನು ಮಲಗುವ ಮುನ್ನ ಹಚ್ಚಬೇಕು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಗರ್ಭಿಣಿಯರು ಇದನ್ನು ಬಳಸಬಾರದು. ಇಂತಹವನ್ನು ವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು.

ಬಿಳುಪಿನ ಹಂಬಲ ಮತ್ತು ರಾತ್ರಿಯ ಕ್ರೀಮು

ಈಗ ಈ ಲೇಖನದ ಅತಿ ಮುಖ್ಯವಾದ ಭಾಗಕ್ಕೆ ಬರುತ್ತೇನೆ. "ರಾತ್ರಿ ಹಚ್ಚಿ ಮಲಗಿ, ಕೆಲವೇ ದಿನಗಳಲ್ಲಿ ಬೆಳ್ಳಗಾಗಿ" ಎಂಬ ಭರವಸೆಯೊಂದಿಗೆ ಮಾರಾಟವಾಗುವ ಮುಲಾಮುಗಳು ಪೇಟೆಯ ಅಂಗಡಿಗಳಲ್ಲಿ, ಸೌಂದರ್ಯಗೃಹಗಳಲ್ಲಿ, ಮೊಬೈಲಿನ ಜಾಹೀರಾತುಗಳಲ್ಲಿ, ಪರದೇಶದಿಂದ ಬರುವ ಬಂಧುಗಳ ಪೆಟ್ಟಿಗೆಗಳಲ್ಲಿ ನಮ್ಮ ಮನೆಗಳನ್ನು ಸೇರುತ್ತಿವೆ. ಇವುಗಳಲ್ಲಿ ಎರಡು ಬಗೆಯವು ಅಪಾಯಕಾರಿ.

ಮೊದಲನೆಯದು ಸ್ಟೀರಾಯ್ಡ್ ಇರುವ ಮುಲಾಮುಗಳು. ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ದಿನಗಳ ಮಟ್ಟಿಗೆ ಇವು ಅಮೂಲ್ಯ ಔಷಧಗಳು. ಆದರೆ ದಿನವೂ ಮುಖಕ್ಕೆ ಹಚ್ಚಿದರೆ ನಡೆಯುವ ಕಥೆ ಬೇರೆ. ಮೊದಲ ವಾರಗಳಲ್ಲಿ ರಕ್ತನಾಳಗಳು ಕುಗ್ಗಿ ಮುಖ ತಿಳಿಯಾಗಿ ಕಾಣುತ್ತದೆ. ಬಳಸಿದವರು ನಾಲ್ಕು ಜನರಿಗೆ ಹೇಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿಕೊಂಡು, ಮೊಡವೆ ಎದ್ದು, ಮುಖದಲ್ಲಿ ರೋಮ ಬೆಳೆಯುತ್ತದೆ. ನಿಲ್ಲಿಸಿದರೆ ಮುಖ ಉರಿಯುತ್ತದೆ. ಉರಿ ತಾಳದೆ ಮತ್ತೆ ಹಚ್ಚುತ್ತಾರೆ. ಹೀಗೆ ಸಿಕ್ಕಿಬಿದ್ದ ಹೆಣ್ಣುಮಕ್ಕಳನ್ನು, ಇತ್ತೀಚೆಗೆ ಗಂಡುಮಕ್ಕಳನ್ನೂ, ನಾನು ಪ್ರತಿ ವಾರವೂ ನೋಡುತ್ತಿದ್ದೇನೆ. ಗಜಕರ್ಣಕ್ಕೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಮಾತ್ರ ಅಡಗಿ, ಶಿಲೀಂಧ್ರವು ಒಳಗೊಳಗೇ ಹರಡುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ಇಂತಹ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮವನ್ನು ಕಾಯಬೇಕಾದವರು ಕೊಳ್ಳುವವರೂ ಹೌದು.

ಎರಡನೆಯದು ಪಾದರಸ ಬೆರೆತ ಮುಲಾಮುಗಳು. ಪಾದರಸವು ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಉತ್ಪತ್ತಿಯನ್ನು ತಡೆಯುತ್ತದೆ. ಆದರೆ ಅದು ಚರ್ಮದಲ್ಲಿಯೇ ನಿಲ್ಲುವುದಿಲ್ಲ. ರಕ್ತಕ್ಕೆ ಇಳಿದು ಮೂತ್ರಪಿಂಡವನ್ನೂ ನರಮಂಡಲವನ್ನೂ ಕೆಡಿಸುತ್ತದೆ. ಇದು ದೂರದ ಮಾತಲ್ಲ. ನಮ್ಮ ಕೇರಳದಲ್ಲಿಯೇ, ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ, 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯಿಂದ ಬಂದ 22 ರೋಗಿಗಳನ್ನು ವೈದ್ಯರು ಅಭ್ಯಸಿಸಿದರು. ಅವರಲ್ಲಿ 15 ಮಂದಿಯಲ್ಲಿ ಆ ಕಾಯಿಲೆಯ ಒಂದು ಅಪರೂಪದ ಪ್ರಭೇದ ಕಂಡುಬಂದಿತು. ಆ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಕ್ರೀಮುಗಳನ್ನು ಬಳಸಿದವರಾಗಿದ್ದರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಎಂಬುದೇ ಸಮಾಧಾನ. ಕೇರಳದ ಔಷಧ ನಿಯಂತ್ರಣ ಇಲಾಖೆಯು 2023ರಲ್ಲಿ "ಆಪರೇಷನ್ ಸೌಂದರ್ಯ" ಎಂಬ ಹೆಸರಿನಲ್ಲಿ ಇಂತಹ ಸರಕುಗಳ ತಪಾಸಣೆಯನ್ನು ಕೈಗೊಂಡಿತು. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮುಗಳಲ್ಲಿ ಉದ್ದೇಶವಿಲ್ಲದೆ ಸೇರಿಹೋದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದು.

ಈ ಹಂಬಲದ ಮೂಲವನ್ನೂ ಯೋಚಿಸಬೇಕು. ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲಿಯೂ ನಮ್ಮಲ್ಲಿಯೂ ಹೆಚ್ಚುಕಡಿಮೆ ಒಂದೇ. ನಮ್ಮ ಕೋಶಗಳು ಹೆಚ್ಚು ಮೆಲನಿನ್ ತಯಾರಿಸಿ ಚೆನ್ನಾಗಿ ಹಂಚುತ್ತವೆ. ಅದು ಬಿಸಿಲಿನ ನಾಡಿನಲ್ಲಿ ನಮಗೆ ದೊರೆತ ಕೊಡೆ. ಮದುವೆಯ ಮಾತು ಬಂದಾಗ ಹುಡುಗಿಯ ಬಣ್ಣವನ್ನು ಕೇಳುವ ಹಿರಿಯರೆಲ್ಲರೂ ಆ ಮುಲಾಮಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟವರೇ ಆಗುತ್ತಾರೆ ಎಂದು ನಾನು ನಮ್ರವಾಗಿ ಹೇಳಬಯಸುತ್ತೇನೆ.

ಚೀಟಿ ಓದುವ ಪಾಠ

ನಮ್ಮ ಗಡಿನಾಡಿನಲ್ಲಿ ಮನೆಯ ಮಾತು ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಆಗಿರುತ್ತದೆ. ಪಾಠದ ಭಾಷೆ ಕನ್ನಡ. ಕಚೇರಿಯ ಭಾಷೆ ಮಲಯಾಳ. ಔಷಧದ ಡಬ್ಬಿಯ ಮೇಲಿನ ಭಾಷೆ ಬಹುಮಟ್ಟಿಗೆ ಇಂಗ್ಲಿಷ್. ಇಷ್ಟು ಲಿಪಿಗಳ ನಡುವೆ ಅಜ್ಜಿಯೋ ತಾಯಿಯೋ ಡಬ್ಬಿಯ ಚಿತ್ರವನ್ನಷ್ಟೇ ನೋಡಿ ಹಚ್ಚಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ? ಮನೆಯಲ್ಲಿ ಓದಬಲ್ಲ ಮಗುವೊಂದು ಡಬ್ಬಿಯ ಹಿಂಬದಿಯನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ತಿಳಿಸಿ ಹೇಳಲಿ. ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು?

ಓದುವಾಗ ಗಮನಿಸಬೇಕಾದ ಹೆಸರುಗಳು ಇವು: ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೋಲೋನ್. ಇವು ಸ್ಟೀರಾಯ್ಡುಗಳು, ಹೆಚ್ಚಿನವುಗಳ ಹೆಸರಿನ ಕೊನೆ "ಸೋನ್", "ಸೋಲ್" ಅಥವಾ "ಲೋನ್" ಎಂದಿರುವುದನ್ನು ನೆನಪಿಡಬಹುದು. ಹೈಡ್ರೋಕ್ವಿನೋನ್ ಎಂಬುದು ಬಣ್ಣ ತಗ್ಗಿಸುವ ಔಷಧ. ವೈದ್ಯರು ಹೇಳಿದಷ್ಟೇ ಕಾಲ ಬಳಸಬೇಕಾದುದು. ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂದಿದ್ದರೆ ಅದು ಪಾದರಸ. ಪಾದರಸದ ಹೆಸರನ್ನೇ ಮುಚ್ಚಿಟ್ಟ ಡಬ್ಬಿಗಳೂ ಇವೆ. "ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ತಾಗದಂತೆ ನೋಡಿಕೊಳ್ಳಿ" ಎಂಬ ಸೂಚನೆ ಇದ್ದರೆ ಸಂಶಯಪಡಬೇಕು, ಏಕೆಂದರೆ ಪಾದರಸವು ಈ ಲೋಹಗಳೊಂದಿಗೆ ಬೆರೆಯುತ್ತದೆ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಒಳವಸ್ತುಗಳ ಪಟ್ಟಿ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದನ್ನು ಕೊಳ್ಳಬಾರದು. ಈಗಾಗಲೇ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬಳಸಿದವರು ಹೆದರದೆ, ಆ ಡಬ್ಬಿಯನ್ನೂ ತೆಗೆದುಕೊಂಡು ಚರ್ಮವೈದ್ಯರನ್ನು ಕಾಣಬೇಕು. ಬಿಡಿಸುವ ಕ್ರಮವನ್ನು ಅವರು ಹೇಳಿಕೊಡುತ್ತಾರೆ.

ಇನ್ನೊಂದು ಎಚ್ಚರಿಕೆ. ಮೈಮೇಲಿನ ಬಿಳಿಚಿದ ಅಥವಾ ಕೆಂಪಾದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ರಾತ್ರಿ ಮುಲಾಮು ಹಚ್ಚುತ್ತಾ ಕಾಲ ಕಳೆಯಬಾರದು. ಅದು ಕುಷ್ಠರೋಗದ ಚಿಹ್ನೆ ಇರಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಚಿಕಿತ್ಸೆಯಿದೆ. ಬೇಗ ಬಂದರೆ ಅಂಗವಿಕಲತೆಯಿಲ್ಲದೆ ಪೂರ್ಣವಾಗಿ ಗುಣವಾಗುತ್ತದೆ.

ದಿನಚರಿಯ ಸಾರಾಂಶ

ಓದುಗರ ಅನುಕೂಲಕ್ಕಾಗಿ ಹೇಳಿದ್ದನ್ನು ಸಂಗ್ರಹಿಸುತ್ತೇನೆ.

1. ಮಲಗುವ ಮುನ್ನ ಮುಖವನ್ನು ಮೃದುವಾಗಿ ತೊಳೆಯಿರಿ.

2. ಒಣಚರ್ಮಕ್ಕೆ, ಒಡೆದ ಕೈಕಾಲುಗಳಿಗೆ ಹಸಿ ಇರುವಾಗಲೇ ಎಣ್ಣೆ ಅಥವಾ ಜೆಲ್ಲಿ ಹಚ್ಚಿರಿ. ಮೊಡವೆಯ ಮುಖಕ್ಕೆ ತೆಂಗಿನೆಣ್ಣೆ ಬೇಡ.

3. ಸಂದುಗಳನ್ನು ಒಣಗಿಸಿ, ಒಣಬಟ್ಟೆ ತೊಟ್ಟು ಮಲಗಿರಿ.

4. ವಾರಕ್ಕೆ ಒಂದೆರಡು ಬಾರಿ, ತಲೆ ತೊಳೆಯುವ ಹಿಂದಿನ ರಾತ್ರಿ ಕೂದಲಿಗೆ ಎಣ್ಣೆ ಸವರಿರಿ. ತಲೆಹೊಟ್ಟು ಇದ್ದರೆ ಬೇಡ.

5. ಕೂದಲು ಆರಿಸಿ, ಜಡೆ ಸಡಿಲಿಸಿ, ಶುಚಿಯಾದ ದಿಂಬಿನಲ್ಲಿ ತಲೆಯಿಡಿರಿ.

6. ಹೆಸರು ಓದದ ಮುಲಾಮನ್ನು ಹಚ್ಚಬೇಡಿರಿ. ಇನ್ನೊಬ್ಬರಿಗೆ ಬರೆದುಕೊಟ್ಟದ್ದನ್ನೂ ಹಚ್ಚಬೇಡಿರಿ.

7. ಸಕಾಲದಲ್ಲಿ ದೀಪವಾರಿಸಿ, ಸಾಕಷ್ಟು ನಿದ್ರಿಸಿರಿ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಿಲ್ಲ. ಸ್ವಲ್ಪ ಅರಿವು ಬೇಕು. ಆ ಅರಿವಿಗೆ ಮೊದಲ ಅಕ್ಷರವನ್ನು ತಿದ್ದಿಸಿದ್ದು ಈ ಶಾಲೆ.